ಗಾಡಿ ನಿಲ್ಲಿಸದಿದ್ದರೆ ಗುಂಡು ಹಾರಿಸಬಹುದೇ?

ಬೇಗೂರು ಹೋಬಳಿಯ ಬಂಧುಗಳೇ,

ರಾತ್ರಿ ಎಂಟರ ಹೊತ್ತಿಗೆ ನಮ್ಮೂರ ಹೆದ್ದಾರಿ ಬದಿಯಲ್ಲಿ ನಿಂತು ನೋಡಿ. ಟೊಮೆಟೊ, ಕೋಸು ತುಂಬಿದ ಗಾಡಿಗಳು ಕೇರಳದ ಕಡೆ ಒಂದೇ ಸಮ ಓಡುತ್ತಿರುತ್ತವೆ. ಒಂಬತ್ತಕ್ಕೆ ಬಂಡೀಪುರದ ಗೇಟು ಬಿತ್ತೆಂದರೆ ಬೆಳಗಿನ ಆರರವರೆಗೆ ಮಾಲು ಕಾಯುತ್ತ ಅಲ್ಲೇ ಕೂರಬೇಕು. 2009ರಿಂದ ಇದೇ ಪಾಡು. ಆ ಧಾವಂತದಲ್ಲಿ, ಕತ್ತಲಲ್ಲಿ ಪೊಲೀಸರು ಕೈ ಅಡ್ಡ ಹಿಡಿದದ್ದು ಕಾಣದೆ ಒಬ್ಬ ಡ್ರೈವರ್ ಮುಂದೆ ಹೋದ ಅಂದುಕೊಳ್ಳಿ. ಅವನ ಮೇಲೆ ಗುಂಡು ಹಾರಿಸಬಹುದೇ?

ಲಕ್ನೋದಲ್ಲಿ ಹಾರಿಸಿದರು. 2018ರ ಸೆಪ್ಟೆಂಬರ್ 29ರ ಅಪರಾತ್ರಿ, ಕಾರು ನಿಲ್ಲಿಸಲಿಲ್ಲವೆಂದು ಕಾನ್‌ಸ್ಟೇಬಲ್ ಒಬ್ಬ ಹೊಡೆದ ಗುಂಡು ಮುಂದಿನ ಗಾಜು ತೂರಿ ಆಪಲ್ ಕಂಪನಿಯ ಅಧಿಕಾರಿಯೊಬ್ಬರ ಪ್ರಾಣ ತೆಗೆಯಿತು. ಕಾರು ನನ್ನ ಮೇಲೇ ಬಂತು, ಜೀವ ಉಳಿಸಿಕೊಳ್ಳಲು ಹೊಡೆದೆ ಎಂದ ಆತ. ಅವನ ನೌಕರಿ ಹೋಯಿತು, ಕೊಲೆ ಕೇಸೂ ಬಿತ್ತು.

ಪೊಲೀಸರ ಭಯ ಸುಳ್ಳಲ್ಲ. 2023ರ ಜೂನ್‌ನಲ್ಲಿ ಜೇವರ್ಗಿ ತಾಲೂಕಿನಲ್ಲಿ ಮರಳು ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೇಬಲ್ ಮೇಲೆ ಅದೇ ಟ್ರ್ಯಾಕ್ಟರ್ ಹತ್ತಿಸಿ ಕೊಂದರು. ಖಾಕಿಯೊಳಗಿರುವುದೂ ಒಂದು ಮನೆಗೆ ದುಡಿಯುವ ಜೀವ. ಪಕ್ಕಕ್ಕೆ ಸರಿಯಲೂ ಜಾಗವಿಲ್ಲದಂತೆ ಗಾಡಿ ನುಗ್ಗಿ ಬಂದಾಗ ಜೀವ ಕಾಪಾಡಿಕೊಳ್ಳುವ ಹಕ್ಕು ಅವರಿಗಿದೆ, ಒಪ್ಪುತ್ತೇವೆ. ಆದರೆ ದಾಟಿ ಹೋದ ಗಾಡಿಯ ಬೆನ್ನಿಗೆ ಹೊಡೆಯುವುದನ್ನು ಆತ್ಮರಕ್ಷಣೆ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಕಾನೂನೂ ಒಪ್ಪುವುದಿಲ್ಲ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗುವಂಥ ಅಪರಾಧದ ಆರೋಪ ಇಲ್ಲದವನನ್ನು, ಬಂಧಿಸುವ ನೆಪದಲ್ಲಿ ಕೊಲ್ಲುವ ಅಧಿಕಾರ ಯಾರಿಗೂ ಇಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಓದಿ ನೋಡಿ. ಅಧಿಕಾರಿಯ ಮಾತು ಮೀರಿದ್ದಕ್ಕೆ ಮೋಟಾರು ವಾಹನ ಕಾಯ್ದೆ ಹಾಕುವ ದಂಡ 2,000 ರೂಪಾಯಿವರೆಗೆ. ಎರಡು ಸಾವಿರದ ತಪ್ಪಿಗೆ ಪ್ರಾಣ ತೆಗೆಯುವುದೇ?

ಅಡ್ಡಗಟ್ಟುವ ರೀತಿ ತಪ್ಪಿದರೆ ಬಂದೂಕೂ ಬೇಕಿಲ್ಲ. 2025ರ ಮೇ 26ರಂದು ಮಂಡ್ಯದಲ್ಲಿ, ನಾಯಿ ಕಚ್ಚಿದ ಮೂರು ವರ್ಷದ ಮಗಳನ್ನು ಅಪ್ಪ ಅಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ತಡೆದಾಗ ಕೂಸು ಕೆಳಕ್ಕೆ ಬಿತ್ತು; ಹಿಂದೆ ಬಂದ ವಾಹನ ಮೇಲೆ ಹರಿಯಿತು. ಮೂವರು ಎಎಸ್‌ಐಗಳು ಅಮಾನತಾದರು. ಕೂಸು ಹೋಯಿತು.

ತಪಾಸಣೆ ಬೇಡ ಎನ್ನುತ್ತಿಲ್ಲ. ಕುಡಿದು ಓಡಿಸುವವರನ್ನು ಹಿಡಿಯಲೇಬೇಕು. ಬ್ಯಾರಿಕೇಡಿಗೆ ದೂರದಿಂದಲೇ ಕಾಣುವ ದೀಪವಿರಲಿ, ಸಿಬ್ಬಂದಿಯ ಎದೆಯ ಮೇಲೆ ಕ್ಯಾಮೆರಾ ಇರಲಿ. ನಿಲ್ಲಿಸದವನ ನಂಬರನ್ನು ಮುಂದಕ್ಕೆ ವೈರ್‌ಲೆಸ್‌ನಲ್ಲಿ ತಿಳಿಸಿ. ಕೇರಳಕ್ಕೆ ಹೋಗುವವನು ಮದ್ದೂರು ಚೆಕ್‌ಪೋಸ್ಟಿನಲ್ಲಿ, ಊಟಿಗೆ ಹೋಗುವವನು ಮೇಲುಕಾಮನಹಳ್ಳಿಯಲ್ಲಿ ನಿಲ್ಲಲೇಬೇಕು. ಗುಂಡಿಗೆ ಯಾರಾದರೂ ಸತ್ತರೆ ತನಿಖೆಯನ್ನು ಸಿಐಡಿಯೋ ಬೇರೆ ಠಾಣೆಯವರೋ ಮಾಡಬೇಕು. 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಡ್ರೈವರಣ್ಣಂದಿರೇ, ಕೈ ಅಡ್ಡ ಬಂದರೆ ನಿಲ್ಲಿಸಿ. ಓದಿದ ಮೇಲೆ ಈ ಹಾಳೆಯನ್ನು ಬಿಸಾಡದೆ ಗಾಡಿ ಓಡಿಸುವ ನಿಮ್ಮ ಮನೆಯ ಹುಡುಗನಿಗೆ ಕೊಡಿ. ಪೊಲೀಸ್ ಕೆಲಸದಲ್ಲಿರುವ ನೆಂಟರಿದ್ದರೆ ಅವರಿಗೂ ಒಂದು ಕೊಡಿ.

ಬೇಗೂರಿನ ನಾಗರಿಕರು