ಅಗ್ಗದ ಕೂಲಿಯೇ ಬಂಡವಾಳವಾಗದಿರಲಿ

ಬಾಂಗ್ಲಾದೇಶದ ರಫ್ತು ಗಳಿಕೆಯಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಸಿದ್ಧ ಉಡುಪಿನದು. ಸುಮಾರು 40 ಲಕ್ಷ ಜನರಿಗೆ ಈ ಉದ್ಯಮ ಅನ್ನ ನೀಡುತ್ತಿದೆ. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಹಿಳೆಯರು. 1970ರ ದಶಕದ ಕೊನೆಯಲ್ಲಿ ಬೆರಳೆಣಿಕೆಯ ಕಾರ್ಖಾನೆಗಳಿಂದ ಶುರುವಾದ ಈ ಉದ್ಯಮ, ಜಾಗತಿಕ ಮಾರುಕಟ್ಟೆಯಲ್ಲಿ ಚೀನಾದ ಜೊತೆ ಪೈಪೋಟಿಗಿಳಿದಿರುವುದು ಸಣ್ಣ ಸಾಧನೆಯಲ್ಲ.

ಈ ಬೆಳವಣಿಗೆಗೆ ಕಾರ್ಮಿಕರು ತೆತ್ತ ಬೆಲೆ ಮಾತ್ರ ಅಪಾರ. 2013ರ ಏಪ್ರಿಲ್ 24ರಂದು ಢಾಕಾ ಬಳಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಹಿಂದಿನ ದಿನವೇ ಗೋಡೆಗಳು ಬಿರುಕು ಬಿಟ್ಟಿದ್ದರೂ ಅವರನ್ನು ಕೆಲಸಕ್ಕೆ ಕರೆಯಲಾಗಿತ್ತು. ಆ ನಂತರ ವಿದೇಶಿ ಬ್ರ್ಯಾಂಡ್‌ಗಳು ಮತ್ತು ಕಾರ್ಮಿಕ ಸಂಘಟನೆಗಳ ನಡುವೆ ಆದ ಸುರಕ್ಷತಾ ಒಪ್ಪಂದದಿಂದ ಕಟ್ಟಡಗಳೇನೋ ಸುಧಾರಿಸಿದವು, ಬದುಕು ಅಷ್ಟಾಗಿ ಸುಧಾರಿಸಲಿಲ್ಲ. 2023ರಲ್ಲಿ ಕಾರ್ಮಿಕರು ತಿಂಗಳಿಗೆ 23,000 ಟಾಕಾ ಕನಿಷ್ಠ ವೇತನ ಕೇಳಿದರೆ, ಸಿಕ್ಕಿದ್ದು 12,500.

ಮುಂದಿನ ದಾರಿಯೂ ಸಲೀಸಲ್ಲ. ಬಾಂಗ್ಲಾದೇಶ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬರಲು ವಿಶ್ವಸಂಸ್ಥೆ 2026ರ ನವೆಂಬರ್ ಅನ್ನು ನಿಗದಿ ಮಾಡಿದೆ. ಪಟ್ಟಿಯಿಂದ ಹೊರಬಂದ ಮೇಲೆ ಸುಂಕ ವಿನಾಯಿತಿಗಳು ಹಂತಹಂತವಾಗಿ ಕೈತಪ್ಪಲಿವೆ. ಬಳಸುವ ಹತ್ತಿ ಬಹುತೇಕ ಆಮದಿನದು. ಗಿರಣಿಗಳಿಗೆ ಅನಿಲದ ಕೊರತೆ ಬೇರೆ.

ಆದರೂ ಅವಕಾಶಗಳಿಗೆ ಬರವಿಲ್ಲ. ಪರಿಸರಸ್ನೇಹಿ ಕಾರ್ಖಾನೆಗಳನ್ನು ಕಟ್ಟುವುದರಲ್ಲಿ ಬಾಂಗ್ಲಾ ಈಗಾಗಲೇ ಮುಂಚೂಣಿಯಲ್ಲಿದೆ. ಟೀ ಶರ್ಟು, ಪ್ಯಾಂಟುಗಳಾಚೆಗೆ ಕೃತಕ ನೂಲಿನ ಉಡುಪು, ಹೆಚ್ಚು ಮೌಲ್ಯದ ವಿನ್ಯಾಸಗಳತ್ತ ಅದು ಹೊರಳಬೇಕು. ಖರೀದಿಸುವ ವಿದೇಶಿ ಬ್ರ್ಯಾಂಡ್‌ಗಳು ನ್ಯಾಯವಾದ ದರ ಕೊಡಬೇಕು. ಸರ್ಕಾರ ಕಾರ್ಮಿಕ ಸಂಘಟನೆಗಳ ಹಕ್ಕನ್ನು ಕಾಯಬೇಕು. ದುಡಿಯುವವರ ಹೊಟ್ಟೆ ತುಂಬಿಸದ ಉದ್ಯಮದ ಏಳಿಗೆ ಬಹುಕಾಲ ಬಾಳದು.