ಮೊಬೈಲಿನಲ್ಲಿ ಮನಸ್ಸಿನ ನಕ್ಷೆ: ಆಲಿಸುವವರು ಯಾರು?

ದಿನದಿನದ ಮನಃಸ್ಥಿತಿಯನ್ನು ಬಣ್ಣ, ಗೆರೆಗಳಲ್ಲಿ ತೋರಿಸುವ ಸೌಲಭ್ಯ ಈಗ ಮೊಬೈಲಿನಲ್ಲೇ ಇದೆ. ಐಫೋನಿಗೆ ಅದು 2023ರಲ್ಲಿ ಬಂತು. ಕ್ರೈಸ್ತರಾದ ನಮಗೆ ಇದು ತೀರಾ ಹೊಸದಲ್ಲ. 1548ರಲ್ಲಿ ಅಚ್ಚಾದ ತಮ್ಮ ಆಧ್ಯಾತ್ಮಿಕ ಸಾಧನೆಯ ಗ್ರಂಥದಲ್ಲಿ ಲೊಯೋಲದ ಸಂತ ಇಗ್ನೇಷಿಯಸರು, ತಪ್ಪಿದಾಗಲೆಲ್ಲ ಆ ದಿನದ ಗೆರೆಯ ಮೇಲೆ ಚುಕ್ಕೆಯಿಟ್ಟು ವಾರದಿಂದ ವಾರಕ್ಕೆ ಹೋಲಿಸಲು ಹೇಳಿದ್ದರು. ಆದರೆ ಆ ಸಾಧಕನ ಜೊತೆಗೆ ಮಾರ್ಗದರ್ಶಕರೊಬ್ಬರು ಇರುತ್ತಿದ್ದರು. ಮೊಬೈಲಿನ ನಕ್ಷೆ ತೋರಿಸುತ್ತದೆ, ಆಲಿಸುವುದಿಲ್ಲ.

ಖಿನ್ನತೆ ಪಾಪವಲ್ಲ, ಕಾಯಿಲೆ. ಎರಡು ವಾರ ಗೆರೆ ಕೆಳಗೇ ಇದ್ದರೆ 14416ಕ್ಕೆ ಕರೆ ಮಾಡಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಟೆಲಿ-ಮಾನಸ್ ಸೇವೆ ಉಚಿತ. ಮಂಗಳೂರಿನಿಂದಾಗಲಿ, ಹೊಸದುರ್ಗದ ಮಾಡದಕೆರೆಯಿಂದಾಗಲಿ ಕನ್ನಡದಲ್ಲೇ ಮಾತನಾಡಬಹುದು. ವಾಳೆಯ ಗುರಿಕಾರರು ಈ ಸಂಖ್ಯೆಯನ್ನು ಮನೆಮನೆಗೆ ಮುಟ್ಟಿಸಲಿ. ಯಾರ ನಕ್ಷೆಯನ್ನೂ ಇಣುಕುವುದು ಬೇಡ, ‘ಹೇಗಿದ್ದೀರಿ?’ ಎಂದು ಕೇಳಿ, ಕುಳಿತು ಆಲಿಸೋಣ.