ಗಟ್ಟಿಯಾಗದ ಮೆರುಗು

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಮೇಜೊಂದು ಮೂರು ವಾರಗಳ ಕಾಲ ಅಂಟಂಟಾಗಿಯೇ ಇದ್ದಿತು. ಅದರ ಮೇಲಿಟ್ಟ ವೃತ್ತಪತ್ರಿಕೆ ಮರಳಿ ಕೈಗೆ ಬರಲಿಲ್ಲ. ಮೊಮ್ಮಗನ ಅಂಗೈ ಮಾತ್ರ ಅಚ್ಚೊತ್ತಿದಂತೆ ಮೂಡಿತು. ತಪ್ಪು ಯಾರದೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲವೆನ್ನಿ.

ಹಲಸಿನ ಹಲಗೆಯ ಆ ಮೇಜು ನಮ್ಮ ತಂದೆಯವರದು. ಶಾಲೆಯ ಉತ್ತರ ಪತ್ರಿಕೆಗಳನ್ನು ಅವರು ತಿದ್ದುತ್ತಿದ್ದುದು ಅದರ ಮೇಲೆಯೇ. ಬಲಗಡೆಯೆಲ್ಲ ಕೆಂಪು ಶಾಯಿಯ ಕಲೆಗಳು. ಅವು ಅಳಿಯಬಾರದು, ಮೇಲೆ ಗಾಜಿನಂಥ ಪೊರೆಯೊಂದು ಬರಬೇಕು ಎಂಬ ಆಸೆಯಿಂದ ನಾನು ಎಪಾಕ್ಸಿ ರಾಳದ ಎರಡು ಡಬ್ಬಿಗಳನ್ನು ತಂದೆನು.

ಈ ರಾಳ ತೀರ ಹೊಸದೇನಲ್ಲ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞ ಪಿಯರ್ ಕಾಸ್ತಾನ್ ಕೃತಕ ದಂತದ ಕೆಲಸಕ್ಕೆ ಒದಗುವ ವಸ್ತುವನ್ನು ಹುಡುಕುತ್ತಾ ಇದರ ಜಾಡು ಹಿಡಿದನು. ಎರಡು ಕೊಳವೆಗಳಲ್ಲಿ ಬರುವ ಅರಾಲ್ಡೈಟನ್ನು ಬಳಸದ ಮನೆ ಅಪರೂಪ. ಅದೂ ಇದೇ ವಂಶದ್ದು.

ಸ್ಪಿರಿಟ್ ಪಾಲಿಷ್ ಹಚ್ಚಿದಾಗ ಸ್ಪಿರಿಟ್ ಆರಿಹೋಗಿ ಅರಗು ಉಳಿಯುತ್ತದೆ. ಎಪಾಕ್ಸಿ ಹಾಗೆ ಒಣಗುವ ಪದಾರ್ಥವಲ್ಲ. ರಾಳದ ಅಣುಗಳೂ ಹಾರ್ಡನರಿನ ಅಣುಗಳೂ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಎಣಿಕೆ ಸರಿಹೊಂದದಿದ್ದರೆ ಜೊತೆ ಸಿಗದವು ಹಾಗೆಯೇ ಉಳಿದು ಅಂಟುತ್ತವೆ. ಡಬ್ಬಿಯ ಮೇಲೆ ಎರಡಕ್ಕೊಂದು ಎಂದು ಅಚ್ಚಾಗಿದ್ದಿತು. ಬೇಗ ಗಟ್ಟಿಯಾಗಲೆಂದು ನಾನು ಹಾರ್ಡನರನ್ನು ಕಣ್ಣಳತೆಯಲ್ಲಿ ಧಾರಾಳವಾಗಿಯೇ ಸುರಿದೆನು!

ವಿಚಿತ್ರವೇನೆಂದರೆ, ಲೋಟದಲ್ಲಿ ಮಿಕ್ಕದ್ದು ಮುಟ್ಟಲಾಗದಷ್ಟು ಕಾದು, ಹೊಗೆಯಾಡಿ, ಬಿರುಕು ಬಿಟ್ಟು ಕಲ್ಲಾಯಿತು. ಹೆಣಿಗೆಯಲ್ಲಿ ಹುಟ್ಟುವ ಶಾಖ ಲೋಟದ ರಾಶಿಯಲ್ಲಿ ಸಿಕ್ಕಿಬೀಳುತ್ತದೆ. ಮೇಜಿನ ಮೇಲಿನ ತೆಳುಪದರದಿಂದ ಹೊರಟುಹೋಗುತ್ತದೆ. ಆದುದರಿಂದಲೇ ಬೇಕಾದಷ್ಟನ್ನೇ ಕಲೆಸಿ, ಕೂಡಲೇ ಸುರಿದು ಹರಡಬೇಕು.

"ಇದರ ಮೇಲೆ ಇನ್ನೊಂದು ಸಲ ಬಳಿದರೆ ಕೆಳಗಿನದು ಮೇಣವಾಗಿಯೇ ಇರುತ್ತದೆ ಸ್ವಾಮಿ. ಕೆರೆದೇ ತೀರಬೇಕು" ಎಂದರು ನಮ್ಮ ಬೀದಿಯ ವೃದ್ಧ ಬಡಗಿಯವರು. ಕೆರೆದು, ಅಸಿಟೋನಿನಿಂದ ಒರಸಿ, ಉಪ್ಪುಕಾಗದ ಹಿಡಿದು ಉಜ್ಜಿದೆವು. ಅಂಟಿನೊಡನೆ ಕೆಂಪು ಕಲೆಗಳೂ ಹೋದವು. ಆ ಮಧ್ಯಾಹ್ನ ನನಗೆ ಊಟ ರುಚಿಸಲಿಲ್ಲ. ಮೂಲೆಯಲ್ಲಿ ಕಡಲೆಕಾಳಿನಷ್ಟು ಒಂದೇ ಕಲೆ ಉಳಿದಿದ್ದಿತು. ಅಲ್ಲಿಗೆ ಬಡಗಿಯವರ ಕೈಯನ್ನು ನಾನು ತಡೆದೆನು.

ಎರಡನೆಯ ಪ್ರಯತ್ನ ಜನವರಿಯ ಒಣಹವೆಯಲ್ಲಿ. ಮಳೆಯ ತೇವದಲ್ಲಿ ಬಳಿದರೆ ಮೇಲ್ಮೈ ಮಂಕಾಗಿ ಜಿಡ್ಡುಗಟ್ಟುವ ಸಂಭವವುಂಟು. ಈ ಬಾರಿ ಅಳತೆಯ ಲೋಟ ಬಂದಿತು. ಕೆಲವು ತಯಾರಕರ ಲೆಕ್ಕ ಗಾತ್ರದ್ದು, ಕೆಲವರದು ತೂಕದ್ದು. ಡಬ್ಬಿಯನ್ನು ಓದಿಯೇ ಅಳೆಯಬೇಕು. ಲೋಟದ ಅಂಚನ್ನೂ ತಳವನ್ನೂ ಸವರುತ್ತಾ ನಿಧಾನವಾಗಿ ಕಲೆಸಿದೆನು. ಮರದ ರಂಧ್ರಗಳ ಗಾಳಿ ಗುಳ್ಳೆಯಾಗಿ ಏಳದಂತೆ ಮೊದಲು ತೆಳುವಾದ ಒಂದು ಪದರ. ಅದು ಗಟ್ಟಿಯಾದ ಮರುದಿನ ಹಗುರವಾಗಿ ಉಪ್ಪುಕಾಗದದಿಂದ ಉಜ್ಜಿ, ಧೂಳೊರಸಿ, ಮುಖ್ಯ ಪದರ. ಉಜ್ಜದೆ ಬಳಿದರೆ ಅದು ಹಿಡಿತವಿಲ್ಲದೆ ಸುಲಿದು ಬರಬಹುದು. ಕಿಟಕಿ ತೆರೆದು, ಕೈಗವಸು ತೊಟ್ಟೇ ಕೆಲಸ ಮಾಡತಕ್ಕದ್ದು. ಹಸಿ ರಾಳವೂ ಹಾರ್ಡನರೂ ಪದೇ ಪದೇ ಸೋಕಿದರೆ ಚರ್ಮಕ್ಕೆ ಒಗ್ಗದಿಕೆ ಬರುತ್ತದೆ. ಒಮ್ಮೆ ಬಂದರೆ ಬಿಟ್ಟುಹೋಗುವುದು ಕಷ್ಟ.

ಒಂದು ವಾರ ಮೇಜನ್ನು ಯಾರೂ ಮುಟ್ಟಕೂಡದೆಂದು ಆಜ್ಞೆಯಾಯಿತು. ಬಿಸಿಲಿಗೆ ಎಪಾಕ್ಸಿ ಹಳದಿಗಟ್ಟುವುದರಿಂದ ಮೇಜು ಈಗ ಕಿಟಕಿಯಿಂದ ದೂರವಿದೆ. ಬಿಸಿ ಪಾತ್ರೆಗೂ ಅದು ಅಂಜುತ್ತದೆ. ಈ ಸಂಗತಿಯನ್ನು ಮನೆಯವರಿಗೆ ಹೇಳುವಷ್ಟರಲ್ಲಿ ನನ್ನ ಕಾಫಿಯ ಲೋಟ ಅದರ ಮೇಲೆ ಕುಳಿತಾಗಿದ್ದಿತು. ಉಂಗುರದಂಥ ಗುರುತೊಂದು ಬಿದ್ದಿದೆ, ಶಾಯಿಯ ಕಲೆಗೆ ಎರಡು ಬೆರಳ ಅಂತರದಲ್ಲಿ.